ತಲೆಗೆ ಪೆಟ್ಟಾದ ಮೇಲೆ ಸುಸ್ತು, ನಿದ್ದೆಗೇಡು: ಸಂಭಾಳಿಸುವುದು ಹೇಗೆ?

ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾಗಿದ್ದ ನನ್ನ ತಮ್ಮ ಮೂರು ತಿಂಗಳಾದ ಮೇಲೆ ಒಂದು ಮದುವೆಗೆ ಹೋದ. ವಾಲಗ, ಮೈಕು, ನೆಂಟರ ಮಾತು. ಪಂಕ್ತಿಯಲ್ಲಿ ಕೂತವನು ಹೋಳಿಗೆ ಮುರಿದು, ಬಾಯಿಗಿಡದೆ ಎಲೆಯನ್ನೇ ನೋಡುತ್ತಾ ಕೂತ. ಆಮೇಲೆ ಎರಡು ದಿನ ಹಾಸಿಗೆ ಬಿಡಲಿಲ್ಲ. ‘ಸ್ಕ್ಯಾನ್ ನಾರ್ಮಲ್ ಅಂದ್ರಲ್ಲ, ಸೋಮಾರಿತನ ಅಷ್ಟೆ’ ಅಂದರು ಯಾರೋ. ಪೆಟ್ಟು ತಿಂದ ಮಿದುಳು ಗದ್ದಲದಲ್ಲಿ ಒಬ್ಬರ ಮಾತು ಹೆಕ್ಕಿ ಕೇಳುವುದಕ್ಕೂ ತಿಣುಕಬೇಕಾಗುತ್ತದೆ. ಸ್ಕ್ಯಾನಿನಲ್ಲಿ ಅದು ಕಾಣುವುದಿಲ್ಲ.

ಮೊದಲು ಒಂದು ನೋಟ್‌ಬುಕ್ ಇಡಿ. ಎದ್ದದ್ದು, ಮಲಗಿದ್ದು ಎಷ್ಟಕ್ಕೆ, ಯಾವ ಕೆಲಸಕ್ಕೆ ಸುಸ್ತಾಯಿತು ಅಂತ ಎರಡು ವಾರ ಬರೆಯಿರಿ. ಸ್ನಾನ, ತಿಂಡಿ, ಒಂದು ಬ್ಯಾಂಕ್ ಫಾರಂ. ಇಷ್ಟಕ್ಕೇ 11 ಗಂಟೆಗೆ ತಮ್ಮನ ಕಥೆ ಮುಗಿಯುತ್ತಿತ್ತು. ಹಾಗಾಗಿ 10:30ಕ್ಕೇ ವಿಶ್ರಾಂತಿ ಶುರು ಮಾಡಿದ. ಸುಸ್ತಾಗುವ ಮೊದಲೇ ಕೂರಬೇಕು, ಗುಟ್ಟು ಇರುವುದೇ ಅಲ್ಲಿ. ಮೊಬೈಲ್ ನೋಡುವುದು ವಿಶ್ರಾಂತಿಯಲ್ಲ. ಕಣ್ಣು ಮುಚ್ಚಿ ಸುಮ್ನೆ ಕೂರಿ. ಹುರುಪಿರುವ ದಿನವೇ ಎಚ್ಚರ ಜಾಸ್ತಿ ಬೇಕು. ಬಾಕಿ ಕೆಲಸವೆಲ್ಲ ಅವತ್ತೇ ಮುಗಿಸಲು ಹೋದರೆ ನಾಳೆ ಹಾಸಿಗೆಯೇ ಗತಿ.

ಇನ್ನು ನಿದ್ದೆ. ರಾತ್ರಿ ಹೇಗೇ ಕಳೆದಿರಲಿ, ಬೆಳಿಗ್ಗೆ ಒಂದೇ ಹೊತ್ತಿಗೆ ಏಳಿ. ಎದ್ದು ಸ್ವಲ್ಪ ಹೊತ್ತು ಎಳೆ ಬಿಸಿಲಲ್ಲಿರಿ. ಮೈಯ ಗಡಿಯಾರ ಸರಿಹೋಗುವುದು ಬೆಳಕಿನಿಂದ. ಹಗಲು ಮಲಗಿದರೆ ಅರ್ಧ ಗಂಟೆ ಸಾಕು, ಅದೂ ಮಧ್ಯಾಹ್ನ 3 ಗಂಟೆಯೊಳಗೆ. ಮಧ್ಯಾಹ್ನದ ಮೇಲೆ ಕಾಫಿ ಬೇಡ. ಕುಡಿದು ಐದು ಗಂಟೆಯಾದರೂ ಕೆಫೀನ್ ಸುಮಾರು ಅರ್ಧದಷ್ಟು ಮೈಯಲ್ಲೇ ಇರುತ್ತದೆ. (ಸಂಜೆಯ ಫಿಲ್ಟರ್ ಕಾಫಿ ಬಿಡಿಸಲು ನಮ್ಮನೆಯಲ್ಲಿ ಜಗಳವೇ ಆಯಿತು.) ನಿದ್ದೆ ಬರದೆ ಹೊರಳಾಡುವುದಕ್ಕಿಂತ ಎದ್ದು ಮಂದ ಬೆಳಕಲ್ಲಿ ಕೂತು, ತೂಕಡಿಕೆ ಬಂದಾಗ ಮಲಗಿ.

ಮೆಡಿಕಲ್ ಶಾಪಿನಿಂದ ನೀವೇ ನಿದ್ದೆ ಮಾತ್ರೆ ತರಬೇಡಿ. ಕೆಲವು ಮಾತ್ರೆಗಳಿಂದ ಮರೆವು, ಮಂಪರು ಹೆಚ್ಚುತ್ತದೆ. ಕುಡಿತವಂತೂ ಬೇಡವೇ ಬೇಡ.

ಕೆಲವು ವಾರವಾದರೂ ಸುಧಾರಿಸದಿದ್ದರೆ ನೋಟ್‌ಬುಕ್ ಹಿಡಿದು ಡಾಕ್ಟರ ಹತ್ತಿರ ಹೋಗಿ. ಥೈರಾಯ್ಡ್, ಬಿ12, ರಕ್ತಹೀನತೆ, ಪಿಟ್ಯುಟರಿ (ಮಿದುಳಿನ ಬುಡದಲ್ಲಿರುವ ಪುಟ್ಟ ಗ್ರಂಥಿ) ಹಾರ್ಮೋನು ನೋಡಬೇಕಾ ಅಂತ ಕೇಳಿ. ಗೊರಕೆ, ಬೇಸರ ಇದ್ದರೂ ಹೇಳಿ. ಫಿಟ್ಸ್ ಮಾತ್ರೆಯಿಂದಲೂ ಮಂಪರು ಬರಬಹುದು, ಆದರೆ ನೀವಾಗಿಯೇ ನಿಲ್ಲಿಸಬೇಡಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇಂಥವರ ಚೇತರಿಕೆಗೆಂದೇ ವಿಭಾಗವಿದೆ.

ಪೆಟ್ಟಾಗಿ ವಾರಗಳಾದ ಮೇಲೂ ತಲೆಯೊಳಗೆ ರಕ್ತ ಕಟ್ಟಬಹುದು. ತಲೆನೋವು ಏರುತ್ತಾ ಹೋದರೆ, ಮತ್ತೆ ಮತ್ತೆ ವಾಂತಿಯಾದರೆ, ಫಿಟ್ಸ್ ಬಂದರೆ, ಒಂದು ಕಡೆಯ ಕೈಕಾಲು ಸೋತರೆ, ಎಬ್ಬಿಸಿದರೂ ಏಳದಿದ್ದರೆ ‘ಸುಸ್ತಾಗಿದೆ, ಮಲಗಲಿ’ ಅಂತ ಬಿಡಬೇಡಿ. ತಕ್ಷಣ 108ಕ್ಕೆ ಫೋನ್ ಮಾಡಿ.