ತರಗು ಬೆಂಕಿಯ ಪುಟ ಕೊನೆಗೂ ಸರಿಬಂದದ್ದು ಹೀಗೆ

ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಕಾಡನ್ನು ನೋಡಿಕೊಳ್ಳುವ ರೀತಿಯ ಮೇಲೆ ಚಿತ್ರಪುಸ್ತಕ ಅಂದಾಗ ಬಂದ ಆಕ್ಷೇಪ ಎರಡು: ತರಗು ಬೆಂಕಿ, ಅಂದರೆ ಉದುರಿದ ಒಣ ಎಲೆಗೆ ಬೇಕೆಂದೇ ಇಡುತ್ತಿದ್ದ ಬೆಂಕಿ, ಹಚ್ಚುವ ಪುಟವಿದ್ದರೆ ಶಾಲೆಗಳು ಕೊಳ್ಳುವುದಿಲ್ಲ, ಮತ್ತು ಇದರಲ್ಲಿ ಕತೆಯೇ ಇಲ್ಲ. 1000 ಪ್ರತಿ ಎಂಟೊಂಬತ್ತು ತಿಂಗಳಲ್ಲಿ ಮುಗಿದವು, ಬೆಂಕಿಯ ಪುಟವೂ ಸೇರಿ.

ಮೊದಲ ಸಲ ಎಲ್ಲರಂತೆ ಪಠ್ಯ ಬರೆದು, ಬಣ್ಣದ ಚಿತ್ರ ಮಾಡಿಸಿ, ಆಮೇಲೆ ಪೋಡಿಗೆ (ಸೋಲಿಗರ ಹಾಡಿಗೆ) ಒಯ್ದದ್ದು. 24 ಪುಟಗಳಲ್ಲಿ ಹದಿನಾಲ್ಕೋ ಹದಿನೈದೋ ಒಂದೇ ಮಧ್ಯಾಹ್ನದಲ್ಲಿ ಬಿದ್ದುಹೋದವು. ಸುಮಾರು 30,000 ರೂಪಾಯಿ ಹಾಳು. ತುಡುವೆ ಜೇನಿನ ಹುಟ್ಟನ್ನು ಚಿತ್ರದಲ್ಲಿ ಕೊಂಬೆಗೆ ತೂಗುಹಾಕಿದ್ದೆವು. ತುಡುವೆ ಪೊಟರೆಯೊಳಗೆ ಸಾಲುಸಾಲಾಗಿ ಎರಿ ಕಟ್ಟುತ್ತದೆ. ಬಯಲಿಗೆ ತೂಗುವ ಒಂಟಿ ದೊಡ್ಡ ಎರಿ ಹೆಜ್ಜೇನಿನದು. ಅದರಲ್ಲೂ ಜೇನುತುಪ್ಪ ಇರುವುದು ಕೊಂಬೆಗೆ ಹತ್ತಿದ ದಪ್ಪ ಭಾಗದಲ್ಲಿ, ಮರಿ ಕೆಳಗಿನ ತೆಳು ಭಾಗದಲ್ಲಿ. ಚಿತ್ರದ ಕತ್ತಿ ಮರಿಯ ಮೇಲಿತ್ತು. ಪುಸ್ತಕ ಹೇಳಹೊರಟಿದ್ದೇ ಮರಿ ಉಳಿಸುವುದನ್ನು!

ಎರಡನೇ ಸಲ ಕ್ರಮ ತಿರುಗಿಸಿದೆ. ಪೆನ್ಸಿಲ್ ಗೆರೆ ಮಾತ್ರ, ಬಣ್ಣವಿಲ್ಲ, ಒಂದಕ್ಷರವೂ ಇಲ್ಲ, ಹಾಳೆಗಳಿಗೆ ಪಿನ್ ಹೊಡೆದಿಲ್ಲ. ಗುಟ್ಟು ಬಿಡಿ ಹಾಳೆಯಲ್ಲಿದೆ. ಪಿನ್ ಹೊಡೆದದ್ದನ್ನು ಕೊಟ್ಟರೆ ಹಿರಿಯರು ಮರ್ಯಾದೆಗೆ ‘ಚೆನ್ನಾಗಿದೆ’ ಅಂದುಬಿಡುತ್ತಾರೆ. ಬಿಡಿ ಹಾಳೆಯನ್ನು ನೆಲದ ಮೇಲೆ ಹರಡಿದರೆ ತಾವೇ ಜೋಡಿಸತೊಡಗುತ್ತಾರೆ. ನಾವು ಮಳೆಯಿಂದ ಶುರು ಮಾಡಿದ್ದೆವು. ಅವರು ಮುಂದಿಟ್ಟದ್ದು ತರಗು ಬೆಂಕಿಯನ್ನು. ಬೆಂಕಿ, ಚಿಗುರು, ಹೆಜ್ಜೇನು, ಮಳೆ, ರಾಗಿ, ಕೊನೆಗೆ ನೆಲ್ಲಿ. ವರ್ಷದ ಸುತ್ತೇ ಕತೆಯಾಯಿತು, ಎರಡನೇ ಆಕ್ಷೇಪ ಅಲ್ಲಿಗೆ ಮುಗಿಯಿತು. ಹೆಂಗಸರಿಗೆ ಬೇರೆ ದಿನ ತೋರಿಸಿ. ಗೆಡ್ಡೆ, ಸೊಪ್ಪಿನ ಪುಟಗಳ ತಪ್ಪು ಸಿಕ್ಕಿದ್ದು ಅಲ್ಲೇ. ಹಾಳೆ ಹರಡುವ ಮೊದಲು ಕೇಳುವ ಒಂದು ಪ್ರಶ್ನೆಯಿದೆ, ಅದನ್ನು ಇಲ್ಲಿ ಬರೆಯುವುದಿಲ್ಲ.

ಬೆಂಕಿಯ ಪುಟ ಏಳು ಸಲ ಬದಲಾಯಿತು. ತರಗು ಬೆಂಕಿ ಮರ ಹತ್ತುವುದಿಲ್ಲ. ಚಳಿ ಇನ್ನೂ ಇರುವಾಗ ಒಣಗಿದ ಎಲೆಯ ಮೇಲೆ ಹರಿದುಹೋಗುತ್ತದೆ. ಹಾಗಾಗಿ ಜ್ವಾಲೆಯನ್ನು ಮೊಣಕಾಲಿಗಿಂತ ಕೆಳಗೆ, ಹೊಗೆಯನ್ನು ತೆಳ್ಳಗೆ ಇಟ್ಟೆವು. ಮುದ್ರಣದ ಕೆಂಗುಲಾಬಿ ಶಾಯಿ, ಮಜೆಂಟಾ, ಶೇಕಡಾ 70 ದಾಟಿದರೆ ಕಾಳ್ಗಿಚ್ಚಿನಂತೆ ಕಾಣುತ್ತದೆ. ಹಳದಿ 100ಕ್ಕೆ ಮಜೆಂಟಾ 40ರ ಆಸುಪಾಸು ಸರಿ. ಎದುರು ಪುಟದಲ್ಲಿ ಲಂಟಾನ ಎಂಬ ಕಳೆಪೊದೆ ತುಂಬಿದ ಕಾಡು. ಅಲ್ಲಿ ಬೆಂಕಿ ಪೊದೆಯನ್ನೇ ಏಣಿ ಮಾಡಿಕೊಂಡು ಕೊಂಬೆಗೆ ಹೋಗುತ್ತದೆ. 1974ರಲ್ಲಿ ಅಭಯಾರಣ್ಯವಾದ ಮೇಲೆ ತರಗು ಬೆಂಕಿ ನಿಂತು, ಲಂಟಾನವೂ ನೆಲ್ಲಿಮರದ ರಸ ಹೀರುವ ಬಂದಳಿಕೆ ಉಪ್ಪಿಲೂ ಹೆಚ್ಚಿದವೆಂದು ಹಿರಿಯರು ಹೇಳುತ್ತಾರೆ. ಈ ಎರಡು ಪುಟ ಅಕ್ಕಪಕ್ಕ ನೋಡಿದ ಮೇಷ್ಟ್ರುಗಳು ಮರುಮಾತಾಡಲಿಲ್ಲ. ಮಕ್ಕಳು ಕಡ್ಡಿಗೀರದಿರಲೆಂದು ಪಠ್ಯ ಭೂತಕಾಲದಲ್ಲಿದೆ: ‘ಹಚ್ಚುತ್ತಿದ್ದರು’.

ಪಠ್ಯ ಕೊನೆಗೆ. ಪುಟಕ್ಕೆ ಹೆಚ್ಚೆಂದರೆ 20 ಪದ. 18 ಪಾಯಿಂಟಿನ ಅಕ್ಷರಕ್ಕೆ ಸಾಲಿನ ಅಂತರ 30 ಕೊಡಿ. 24 ಕೊಟ್ಟಾಗ ಮೇಲಿನ ಸಾಲಿನ ಒತ್ತಕ್ಷರ ಕೆಳಸಾಲಿನ ಗುಡಿಸಿಗೆ ತಾಗಿತು. ಹಳೆಯ ‘ನುಡಿ’ ತಂತ್ರಾಂಶದ ಕಡತ ಯೂನಿಕೋಡಿಗೆ ತಿರುಗಿಸಿದರೆ ಅರ್ಕಾವತ್ತುಗಳನ್ನು ಒಂದೊಂದಾಗಿ ನೋಡಲೇಬೇಕು. ಮುದ್ರಣದಲ್ಲಿ ನಾಲ್ಕು ಶಾಯಿಗೆ ನಾಲ್ಕು ಪ್ಲೇಟು; ಅಕ್ಷರವೆಲ್ಲ ಬರೀ ಕಪ್ಪು ಪ್ಲೇಟಿನಲ್ಲಿರಲಿ, ಬಣ್ಣದೊಳಗೆ ಬಿಳಿ ಅಕ್ಷರ ಬೇಡ. ತಮಿಳುನಾಡಿನ ಬರಗೂರು ಬೆಟ್ಟದಲ್ಲೂ ಸೋಲಿಗರಿದ್ದಾರೆ. ತಮಿಳು ಆವೃತ್ತಿಗೆ ಬದಲಾಗಬೇಕಾದ್ದು ಆ ಒಂದು ಪ್ಲೇಟು ಮಾತ್ರ.

ಹೆಜ್ಜೇನು ಕೀಳುವುದು ಕತ್ತಲಲ್ಲಿ. ಆ ಪುಟದ ಒಟ್ಟು ಶಾಯಿ, ನಾಲ್ಕೂ ಬಣ್ಣದ ಶೇಕಡಾ ಕೂಡಿಸಿದರೆ, 350 ದಾಟಿತ್ತು, ಎದುರು ಪುಟಕ್ಕೆ ಅಂಟಿಕೊಂಡಿತು. 270ಕ್ಕೆ ಇಳಿಸಿ, ನೀಲಿಯನ್ನೇ ತಳವಾಗಿಟ್ಟ ಮೇಲೆ ಕತ್ತಲೊಳಗೆ ಮನುಷ್ಯ ಕಂಡ.

ನಡುವೆ ಲಂಟಾನ ಕಡ್ಡಿಯಿಂದಲೇ ಇದ್ದಿಲು ಪೆನ್ಸಿಲ್ ಮಾಡಿ ನೋಡಿದ್ದೂ ಉಂಟು. ಸಿಪ್ಪೆ ತೆಗೆದು ಒಣಗಿಸಿದ ಕಡ್ಡಿ ತಗಡಿನ ಡಬ್ಬಿಗೆ ಬಿಗಿಯಾಗಿ ತುಂಬಿ, ಮುಚ್ಚಳಕ್ಕೆ ಮೊಳೆಯಿಂದ ಒಂದು ತೂತು, ಕೆಂಡದ ಮೇಲೆ ಮುಕ್ಕಾಲು ಗಂಟೆ. ತೂತಿನ ಹೊಗೆ ನಿಂತರೆ ಆಯಿತು. ಬಿಸಿಯಿರುವಾಗಲೇ ತೆರೆದ ಎರಡು ಡಬ್ಬಿ ಗಾಳಿ ತಾಗಿ ಬೂದಿಯಾದವು, ರಾತ್ರಿಯಿಡೀ ಆರಬೇಕು. ಗೆರೆ ಸ್ವಲ್ಪ ಗಡಸು, ಮರದ ತೊಗಟೆಗೆ ಬಹಳ ಒಪ್ಪುತ್ತದೆ.

ಲೆಕ್ಕ ನೆನಪಿನಿಂದ: ಚಿತ್ರಕ್ಕೆ 36,000, ಮುದ್ರಣಕ್ಕೆ 42,000, ಓಡಾಟ ಮತ್ತು ಹಿರಿಯರ ದಿನಗೂಲಿ 12,000. ಬೆಲೆ 150, ರಿಯಾಯಿತಿ ಕಾಲುಭಾಗ. 100 ಪ್ರತಿ ಪೋಡುಗಳಿಗೆ, ಮಾರಿದ ಪ್ರತಿಯ ಮುಖಬೆಲೆಯ ಹತ್ತರಲ್ಲೊಂದು ಪಾಲು ಗ್ರಾಮಸಭೆಗೆ. ಹಾಕಿದ್ದು ಹೆಚ್ಚೂಕಡಿಮೆ ಬಂತು, ಮೊದಲು ಹಾಳಾದ 30,000 ಬರಲಿಲ್ಲ. 2011ರಲ್ಲಿ ಸಮುದಾಯದ ಅರಣ್ಯ ಹಕ್ಕು ಸಿಕ್ಕಿದ್ದು ಗ್ರಾಮಸಭೆಗಳಿಗೆ. ಹಾಗಾಗಿ ಪುಸ್ತಕಕ್ಕೆ ಒಪ್ಪಿಗೆ ಒಬ್ಬ ಮುಖಂಡರಿಂದ ಪಡೆದರೆ ಸಾಲದು, ಸಭೆಯಲ್ಲೇ ಕೇಳಬೇಕು.

ಕುಲದ ಎಲ್ಲೆಗಳನ್ನು, ದೇವರ ಜಾಗವನ್ನು, ಹೆಜ್ಜೇನು ಮರ ಇರುವ ಕಡೆಯನ್ನು ನಕ್ಷೆಯಾಗಿ ಬರೆಯಬೇಡಿ ಅಂದರು ಹಿರಿಯರು. ಅದಕ್ಕೇ 22ನೇ ಪುಟದಲ್ಲಿ ಈಗ ಬರೀ ಮಂಜಿದೆ, ಮರುಮುದ್ರಣದಲ್ಲೂ ಅದು ಹಾಗೇ ಇರುತ್ತದೆ.