‘ನನ್ನ ಥರ ಆಗ್ಬೇಡ’: ಒಂದು ರಾಕ್ ಹಾಡು ನನಗೆ ದಕ್ಕಿದ್ದು

"ಮೊದಲ ಸಾಲನ್ನ ಯಾಕೋ ಹಿಂಗೆ ಓಡಿಸ್ತೀಯ?" ಅಂತ ನಮ್ಮ ಡ್ರಮ್ಮರ್ ಕೇಳಿದಾಗ ನಾನು ತಪ್ಪನ್ನು ಮೈಕಿನ ಮೇಲೆ ಹಾಕಿದೆ. ವೈರ್ ಲೂಸ್ ಇದೆ, ನನ್ನ ದನಿ ನನಗೇ ಕೇಳಿಸ್ತಿಲ್ಲ ಅಂದೆ. ಅವನು ಹಗಲು ಹೊತ್ತು ಆಟೋ ಎಲೆಕ್ಟ್ರಿಷಿಯನ್. ವೈರ್ ಹಿಡಿದು ಎಳೆದು, ಜಾಕ್ ತಿರುಗಿಸಿ ನೋಡಿ, "ವೈರ್ ಸರಿಯಾಗೇ ಇದೆ ಮಾರಾಯ" ಅಂದ.

ಇದು ಚಿಕ್ಕಮಗಳೂರಿನಲ್ಲಿ, ಗೆಳೆಯನ ಅಂಗಡಿಯ ಹಿಂದಿನ ಗೋಡೌನಿನಲ್ಲಿ ನಡೆದದ್ದು. ನಾವು ನಾಲ್ಕು ಜನ. ಶನಿವಾರ, ಭಾನುವಾರ ಹೋಂಸ್ಟೇಗಳಲ್ಲಿ, ಅಪರೂಪಕ್ಕೆ ರಿಸೆಪ್ಷನ್‌ಗಳಲ್ಲಿ ಹಾಡುತ್ತೇವೆ. ಮುಕ್ಕಾಲು ಪಾಲು ಸಿನಿಮಾ ಹಾಡು, ಉಳಿದದ್ದು ಬೆಂಗಳೂರಿನಿಂದ ಬಂದವರು ಕೇಳುವ ಇಂಗ್ಲಿಷ್ ಹಾಡು. ಪ್ರಾಕ್ಟೀಸಿಗೆ ಗೋಡೌನೇ ಯಾಕೆ ಅಂದರೆ ಅಲ್ಲಿ ಕಾಫಿ ತುಂಬಿದ ಗೋಣಿಚೀಲಗಳಿವೆ. ಗೋಣಿಚೀಲ ಸದ್ದನ್ನು ಚೆನ್ನಾಗಿ ಕುಡಿಯುತ್ತದೆ. ಕೊಯ್ಲು ಮುಗಿದ ಮೇಲೆ ಚೀಲಗಳು ಸೂರಿನವರೆಗೆ ಏರಿದಾಗ ನಮ್ಮ ಬ್ಯಾಂಡಿನಷ್ಟು ಚೆಂದದ ಬ್ಯಾಂಡ್ ಇನ್ನೊಂದಿಲ್ಲ. ಮಳೆಗಾಲದಲ್ಲಿ ಚೀಲ ಖಾಲಿಯಾದಾಗ ಎಲ್ಲ ಗುಂಯ್ ಅಂತ ವಾಪಸ್ ಬಂದು ನಮ್ಮ ಬಂಡವಾಳ ಗೊತ್ತಾಗುತ್ತದೆ.

ಹಾಡು ನಾವು ಆರಿಸಿದ್ದಲ್ಲ. ಒಂದು ಕುಟುಂಬ ಹೋಂಸ್ಟೇನಲ್ಲಿ ಸೀಮಂತದ ಪಾರ್ಟಿ ಇಟ್ಟುಕೊಂಡಿತ್ತು. ಗಂಡನಿಗೆ ಒಂದೇ ಹಟ, ಅಮೆರಿಕದ ಕ್ರೀಡ್ ಅನ್ನುವ ರಾಕ್ ಬ್ಯಾಂಡಿನ ‘ವಿತ್ ಆರ್ಮ್ಸ್ ವೈಡ್ ಓಪನ್’ ಬೇಕೇ ಬೇಕು. 1999ರಲ್ಲಿ ಬಂದ ‘ಹ್ಯೂಮನ್ ಕ್ಲೇ’ ಆಲ್ಬಮ್ಮಿನ ಹಾಡು ಅದು. ತಾನು ಅಪ್ಪನಾಗುತ್ತಿದ್ದೇನೆ ಅಂತ ಗೊತ್ತಾದಾಗ ಗಾಯಕ ಸ್ಕಾಟ್ ಸ್ಟ್ಯಾಪ್ ಅದರ ಮಾತುಗಳನ್ನು ಬರೆದ. ಗಿಟಾರ್ ಮಾರ್ಕ್ ಟ್ರೆಮಾಂಟಿಯದು. 2000ದ ನವೆಂಬರ್‌ನಲ್ಲಿ ಅಮೆರಿಕದ ಬಿಲ್‌ಬೋರ್ಡ್ ಹಾಟ್ 100 ಪಟ್ಟಿಯಲ್ಲಿ ಮೊದಲನೇ ಸ್ಥಾನಕ್ಕೆ ಹೋಯಿತು, 2001ರಲ್ಲಿ ಅತ್ಯುತ್ತಮ ರಾಕ್ ಹಾಡಿನ ಗ್ರ್ಯಾಮಿ ಬಂತು. ಆದರೂ ಈ ಬ್ಯಾಂಡನ್ನು ಆಡಿಕೊಳ್ಳುವುದು ರಾಕ್ ಕೇಳುವವರಲ್ಲಿ ಒಂದು ಚಟ. ನಮ್ಮ ಗಿಟಾರಿನವನೂ ಮೂಗು ಮುರಿದ. ಅಡ್ವಾನ್ಸ್ ಬಂದ ಮೇಲೆ ಸುಮ್ಮನಾದ.

ಡ್ರಮ್ಮರ್ ಹೇಳಿದ್ದು ಸರಿ ಇತ್ತು. ಆ ಹಾಡು ಶುರುವಾಗುವುದೇ ಒಬ್ಬ ಗಂಡಸಿಗೆ ಸುದ್ದಿ ತಿಳಿಯುವುದರಿಂದ. ಆ ಸುದ್ದಿಗೆ ನಮ್ಮ ಕಡೆ ಇರುವ ಪದ ‘ವಿಶೇಷ’. ನಮಗೆ ಮದುವೆಯಾಗಿ ಐದು ವರ್ಷ. ಗೃಹಪ್ರವೇಶಕ್ಕೆ ಹೋಗಲಿ, ತಿಥಿಗೆ ಹೋಗಲಿ, ಕೈಗೆ ಕಾಫಿ ಲೋಟ ಕೊಡುತ್ತಾ ಯಾರಾದರೊಬ್ಬರು "ಏನಾದ್ರೂ ವಿಶೇಷ?" ಅಂತ ಕೇಳಿಯೇ ಕೇಳುತ್ತಾರೆ. ನಾನು ಲೋಟ ನೋಡುತ್ತೇನೆ. ನನ್ನ ಹೆಂಡತಿ ಸಕ್ಕರೆ ಜಾಸ್ತಿಯಾಯ್ತು ಅಂತಲೋ ಇನ್ನೇನೋ ಹೇಳಿ ಮಾತು ತಿರುಗಿಸುತ್ತಾಳೆ. ಹಾಡಿನ ಮೊದಲ ಸಾಲಿನಲ್ಲೂ ನಾನು ಮಾಡುತ್ತಿದ್ದದ್ದು ಅದೇ. ಬೇಗ ದಾಟಿಬಿಡುವುದು.

ಪಾರ್ಟಿಗೆ ಆರು ವಾರ ಇತ್ತು. ಭಾವ ತುಂಬಿ ಹಾಡೋದು ಹೇಗೆ ಅಂತ ಒಂದಷ್ಟು ವಿಡಿಯೋ ನೋಡಿದೆ. ಕಣ್ಣು ಮುಚ್ಚಿ, ನಿಮ್ಮ ಮಗುವನ್ನು ಕಲ್ಪಿಸಿಕೊಳ್ಳಿ ಅನ್ನುತ್ತಾರೆ. ಮಾಡಿ ನೋಡಿದೆ. ಕ್ಯಾಲೆಂಡರಿನಲ್ಲಿರುವ ಮಗು ಬಂತು, ಕೆನ್ನೆ ಗುಂಡಗಿರುವುದು. ಅದಕ್ಕೂ ನನಗೂ ಏನು ಸಂಬಂಧ? ಇನ್ನೊಂದು ಸಲಹೆ, ಮೂಲ ಗಾಯಕನನ್ನು ನೂರು ಸಲ ಕೇಳಿ ಅನ್ನುವುದು. ಕೇಳಿದೆ. ಅವನದು ಎದೆಯಿಂದ ಬರುವ ದಪ್ಪ ದನಿ, ಪದಗಳನ್ನು ದವಡೆಯಲ್ಲಿ ಅದುಮಿ ಬಿಡುತ್ತಾನೆ. ನಾನು ಅದನ್ನೇ ಮಾಡಲು ಹೋದರೆ ಎಲೆಅಡಿಕೆ ತುಂಬಿಕೊಂಡು ಹಾಡಿದ ಹಾಗೆ ಕೇಳಿಸಿತು. ರೆಕಾರ್ಡ್ ಮಾಡಿ ಕೇಳಿ ನಾಲ್ವರೂ ನಕ್ಕೆವು.

ಕೊನೆಗೆ ಕೆಲಸಕ್ಕೆ ಬಂದದ್ದು ಪೆನ್ನು. ನಾನು ಕಾಫಿ ಕ್ಯೂರಿಂಗ್ ಒಂದರಲ್ಲಿ, ಅಂದರೆ ಒಣಗಿದ ಕಾಫಿಯ ಸಿಪ್ಪೆ ತೆಗೆದು ಬೀಜ ಹಸನು ಮಾಡುವ ಕಡೆ, ಲೆಕ್ಕ ಬರೆಯುವವನು. ಚೀಲ ಎಷ್ಟು ಬಂತು, ಎಷ್ಟು ಹೋಯಿತು, ತೇವ ಎಷ್ಟಿತ್ತು. ಬರೆದರೆ ಮಾತ್ರ ನನ್ನ ತಲೆಗೆ ಹೋಗುತ್ತದೆ. ಹಾಗಾಗಿ ಹಾಡನ್ನು ಕನ್ನಡದಲ್ಲಿ ಬರೆಯಲು ಕೂತೆ, ಹಾಡಲಿಕ್ಕಲ್ಲ, ಅರ್ಥ ಮಾಡಿಕೊಳ್ಳಲು. ಮೊದಲ ಸಲ ‘ಶುಭವಾರ್ತೆಯನ್ನು ಆಲಿಸಿದೆನು’ ಅಂತ ಶುರು ಮಾಡಿದ್ದೆ. ಆಕಾಶವಾಣಿಯ ಪ್ರದೇಶ ಸಮಾಚಾರದ ಹಾಗಿತ್ತು. ಹರಿದು ಹಾಕಿ, ನಮ್ಮ ಮನೆಯಲ್ಲಿ ಯಾರಾದರೂ ಇದನ್ನು ಹೇಳಿದರೆ ಹೇಗೆ ಹೇಳುತ್ತಾರೋ ಹಾಗೆ ಬರೆದೆ. ಪ್ರಾಸ ಬೇಡ, ಚೆಂದ ಬೇಡ.

ಹಾಡಿನ ನಡುವೆ ಒಂದು ಕಡೆ ಆ ಅಪ್ಪ ಒಂದೇ ಒಂದು ಆಸೆ ಹೇಳಿಕೊಳ್ಳುತ್ತಾನೆ. ಹುಟ್ಟುವ ಮಗ ತನ್ನ ಹಾಗೆ ಆಗದಿರಲಿ ಅಂತ. ನಾನು ನಮ್ಮ ಮನೆ ಮಾತಿನಲ್ಲಿ ಬರೆದೆ: ‘ನನ್ನ ಥರ ಆಗ್ಬೇಡ’.

ಪೆನ್ನು ಅಲ್ಲೇ ನಿಂತಿತು. ಈ ಮಾತನ್ನು ನಾನು ಇಂಗ್ಲಿಷ್ ಹಾಡಿನಲ್ಲಿ ಕೇಳುವ ಮೊದಲು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ.

ನಮ್ಮ ಅಪ್ಪ ಆಲ್ದೂರು ಕಡೆಯ ಕಾಫಿ ತೋಟವೊಂದರಲ್ಲಿ ರೈಟರ್ ಆಗಿದ್ದರು. ಗೊತ್ತಿಲ್ಲದವರು ರೈಟರ್ ಅಂದರೆ ಕತೆಗಾರ ಅಂದುಕೊಳ್ಳುತ್ತಾರೆ. ತೋಟದ ರೈಟರ್ ಅಂದರೆ ಆಳುಗಳ ಹಾಜರಿ, ಕೊಯ್ದ ಹಣ್ಣಿನ ತೂಕ, ಬಟವಾಡೆ ನೋಡಿಕೊಳ್ಳುವವರು. ತೋಟ ಅವರದ್ದಲ್ಲ, ಚಿಂತೆ ಮಾತ್ರ ಪೂರ್ತಿ ಅವರದ್ದು.

ನಾನು ಹತ್ತನೇ ಕ್ಲಾಸಿನಲ್ಲಿದ್ದಾಗ ಡಿಸೆಂಬರಿನ ಒಂದು ರಾತ್ರಿ ಮಳೆ ಬಂತು. ಕೊಯ್ಲಿನ ಹೊತ್ತಿನ ಮಳೆ ಎಷ್ಟು ಕೆಟ್ಟದ್ದು ಅಂತ ಮಲೆನಾಡಿನವರಿಗೆ ಹೇಳಬೇಕಾಗಿಲ್ಲ. ಕಣದ ತುಂಬಾ ಹಣ್ಣು ಹರಡಿತ್ತು. ನೆನೆದರೆ ಬೂಸ್ಟು ಹಿಡಿಯುತ್ತದೆ. ಅಪ್ಪ ನನ್ನನ್ನು ಎಬ್ಬಿಸಿಕೊಂಡು ಹೋದರು. ಅವರು, ನಾನು, ಆಳುಗಳ ಲೈನ್ ಮನೆಯಿಂದ ಓಡಿ ಬಂದ ಇಬ್ಬರು. ಹಣ್ಣನ್ನು ಗುಡ್ಡೆ ಎಳೆದು ಟಾರ್ಪಾಲು ಹೊದಿಸಿ, ಅಂಚಿಗೆ ಕಲ್ಲು ಇಟ್ಟೆವು. ಎಲ್ಲ ಮುಗಿದ ಮೇಲೆ ಅಪ್ಪ ಬ್ಯಾಟರಿ ಬೆಳಕನ್ನು ನನ್ನ ಮುಖಕ್ಕೆ ಬಿಟ್ಟರು. ಮೈಯೆಲ್ಲ ಕೆಸರು, ಚಳಿಗೆ ಹಲ್ಲು ಕಟಕಟ ಅನ್ನುತ್ತಿತ್ತು. "ಹೋಗು, ಓದ್ಕೋ. ನನ್ನ ಥರ ಆಗ್ಬೇಡ" ಅಂದರು. ಬ್ಯಾಟರಿ ಆರಿಸಿದರು.

ಅದನ್ನು ನಾನು ಬೈಗುಳ ಅಂತಲೇ ಇಟ್ಟುಕೊಂಡಿದ್ದೆ. ಕೆಲಸ ಮಾಡಿಸಿಕೊಂಡು ಬೈದರಲ್ಲ ಅಂತ. ಈಗ ಅದೇ ಮಾತನ್ನು ಅಮೆರಿಕದ ಒಬ್ಬ ಗಾಯಕ ಕೈಮುಗಿದು ಕೇಳಿಕೊಳ್ಳುತ್ತಿದ್ದಾನೆ. ಅವನ ಹಿಂದೆ ಗಿಟಾರ್ ಇದೆ, ಡ್ರಮ್ಸ್ ಇದೆ. ನಮ್ಮ ಅಪ್ಪನ ಹಿಂದೆ ಟಾರ್ಪಾಲಿನ ಮೇಲೆ ಬೀಳುವ ಮಳೆಯಷ್ಟೇ ಇತ್ತು.

ಅಂದರೆ ನಾನು ಬಾಗಿಲು ತಪ್ಪಿ ಹೋಗಿದ್ದೆ. ಹುಟ್ಟದ ಮಗುವಿನ ಕಡೆಯಿಂದ ಒಳಗೆ ಹೋಗಲು ನೋಡುತ್ತಿದ್ದೆ. ನನಗೆ ಗೊತ್ತಿದ್ದದ್ದು ಈ ಕಡೆಯ ಬಾಗಿಲು. (ಅಂದಹಾಗೆ, ಅಪ್ಪ ರೈಟರ್ ಆಗಬೇಡ ಅಂದರು, ನಾನು ಕ್ಯೂರಿಂಗಿನಲ್ಲಿ ರೈಟರ್ ಆದೆ. ಪ್ರಾರ್ಥನೆ ಅರ್ಧ ಫಲಿಸಿತು. ನೆರಳಿದೆ, ಫ್ಯಾನಿದೆ.)

ಮುಂದಿನ ಭಾನುವಾರ ಊರಿಗೆ ಹೋದೆ. ಅಪ್ಪ ಹೊರಗಿದ್ದರು. ಹಾಡಿನ ಹೆಸರೇ ಎರಡೂ ತೋಳು ಚಾಚಿ ನಿಲ್ಲುವುದರ ಮೇಲಿದೆ. ನಡೆಯಲು ಕಲಿಯುವ ಮಗುವಿನ ಮುಂದೆ ಕುಕ್ಕರಗಾಲಲ್ಲಿ ಕೂತು, ಕೈ ಚಾಚಿ, ಬಾ ಬಾ ಬಾ ಅನ್ನುತ್ತೇವಲ್ಲ, ಆ ಥರ. ಅಪ್ಪ ಹಾಗೆ ಕೂತದ್ದು ನನಗೆ ನೆನಪಿಗೆ ಬರಲಿಲ್ಲ. ಅಮ್ಮ ಅಡುಗೆಮನೆಯಲ್ಲಿ ಅಕ್ಕಿರೊಟ್ಟಿ ತಟ್ಟುತ್ತಿದ್ದಳು. "ಅಪ್ಪ ನನ್ನ ಎತ್ಕೊಳ್ತಿದ್ರಾ?" ಅಂತ ಕೇಳಿದೆ.

"ಯಾಕೋ ಇದ್ದಕ್ಕಿದ್ದ ಹಾಗೆ?"

"ಸುಮ್ನೆ."

"ನೀನು ಹುಟ್ಟಿದ್ದು ಕೊಯ್ಲಲ್ಲಿ. ಅವರ ಕೈ ನೋಡಿದೀಯಲ್ಲ, ಬರೀ ಹಣ್ಣಿನ ಕರೆ. ಹುಣಸೆಹಣ್ಣು ಹಾಕಿ ಉಜ್ಜೋರು. ಮೂಸಿ ನೋಡ್ಕೊಳ್ಳೋರು. ಆಮೇಲೆ ಬಂದು ತೊಟ್ಟಿಲ ಹತ್ರ ಕೈ ಹಿಂದೆ ಕಟ್ಕೊಂಡು ನಿಂತ್ಕೊಳ್ಳೋರು. ಎತ್ಕೊಳ್ಳಿ ಅಂದ್ರೆ, ಒರಟು ಕೈ, ಮಗೂಗೆ ಗೀರುತ್ತೆ ಅನ್ನೋರು."

ರೊಟ್ಟಿ ಮಗುಚಿ ಹಾಕಿ ಅಮ್ಮ ಕೊತ್ತಂಬರಿಯ ರೇಟು ಹೇಳತೊಡಗಿದಳು.

ಗೋಡೌನಿಗೆ ವಾಪಸ್ ಬಂದ ಮೇಲೆ ಮೊದಲು ಮಾಡಿದ ಕೆಲಸ, ಹಾಡಿನ ಶ್ರುತಿಯನ್ನು ಗಿಟಾರಿನ ಎರಡು ಮನೆಯಷ್ಟು (ಫ್ರೆಟ್) ಕೆಳಗೆ ಇಳಿಸಿದ್ದು. ಗಿಟಾರಿನವನು ಗೊಣಗಿದ. ಮೂಲದಲ್ಲಿರುವ ಗಿಟಾರಿನ ಮಿನುಗು ಹೋಗುತ್ತದೆ ಅಂದ. ಹೋಯಿತು, ನಿಜ. ಆದರೆ ನನಗೆ ನನ್ನ ದನಿ ಸಿಕ್ಕಿತು. ಎರಡನೆಯದು, ಹಾಡುವ ಮೊದಲು ಮಾತಾಡಿದ್ದು. ರಾಗವಿಲ್ಲದೆ, ಡ್ರಮ್ಮರ್ ಎದುರು ಕೂತು, ಎದುರಿಗಿರುವವನಿಗೆ ವಿಷಯ ತಿಳಿಸುವ ಹಾಗೆ ಇಂಗ್ಲಿಷ್ ಸಾಲುಗಳನ್ನು ಹೇಳಿದೆ. ಎಲ್ಲಿ ಉಸಿರು ತಾನಾಗಿ ನಿಲ್ಲುತ್ತದೋ ಅಲ್ಲೇ ಹಾಡಿನಲ್ಲೂ ಉಸಿರು ತೆಗೆದುಕೊಂಡೆ. ಓಟ ಅರ್ಧ ಅಲ್ಲೇ ನಿಂತಿತು.

ಇಂಥ ರಾಕ್ ಹಾಡುಗಳ ಮೈಕಟ್ಟು ಹೀಗೇ ಇರುತ್ತದೆ. ಮೊದಲು ಒಂದೇ ಗಿಟಾರ್, ಒಂದೊಂದೇ ತಂತಿ ಮೀಟುತ್ತಾ ಮೆಲ್ಲಗೆ. ಗಿಟಾರಿನ ದನಿಯನ್ನು ಒರಟಾಗಿಸುವ ಡಿಸ್ಟಾರ್ಷನ್, ಜೋರು ಡ್ರಮ್ಸ್ ಎಲ್ಲ ಆಮೇಲೆ. ನಾನು ಮೊದಲಿಂದಲೇ ಎದೆ ತುಂಬಿ ಹಾಡಿ, ಜೋರು ಬರಬೇಕಾದ ಹೊತ್ತಿಗೆ ಕೈ ಖಾಲಿ ಮಾಡಿಕೊಳ್ಳುತ್ತಿದ್ದೆ. ಈಗ ಮೊದಲ ಭಾಗವನ್ನು ತೊಟ್ಟಿಲ ಪಕ್ಕ ಮಾತಾಡುವಷ್ಟು ಸಣ್ಣಗೆ ಇಟ್ಟೆ.

ಆದರೆ ಹೊಸ ತೊಂದರೆ ಬಂತು. ‘ನನ್ನ ಥರ’ ಸಾಲು ಬಂದಾಗಲೆಲ್ಲ ಗಂಟಲು ಕಟ್ಟುತ್ತಿತ್ತು. ಅಳು ಬಂದರೆ ಭಾವ ಬಂತು ಅಂತ ಜನ ಅಂದುಕೊಳ್ಳುತ್ತಾರೆ. ಹಾಡುವವನಿಗೆ ಅಳು ಬಂದರೆ ಹಾಡು ಮುಗಿಯಿತು ಅಷ್ಟೇ. ಗಂಟಲು ಬಿಗಿಯುತ್ತದೆ, ಉಸಿರು ಮೇಲೆಯೇ ಸಿಕ್ಕಿಕೊಳ್ಳುತ್ತದೆ, ಶ್ರುತಿ ಮೇಲೆ ಹಾರುತ್ತದೆ. ಒಂದು ಸಂಜೆ ಮೂರು ಸಲ ನಿಲ್ಲಿಸಿದೆ. ನಾಲ್ಕನೇ ಸಲ ಡ್ರಮ್ಮರ್ ಎದ್ದು ಹೋಗಿ ಬೋಂಡಾ ತಂದ. ಯಾರೂ ಏನೂ ಕೇಳಲಿಲ್ಲ. ಆ ನಂತರ ಒಂದು ಉಪಾಯ ಹುಡುಕಿಕೊಂಡೆ. ಆ ಸಾಲಿಗೆ ಮುಂಚೆ ಉಸಿರು ಎಳೆದುಕೊಳ್ಳುವ ಬದಲು ಒಳಗಿರುವುದನ್ನು ಪೂರ್ತಿ ಬಿಟ್ಟುಬಿಡುವುದು. ಆಮೇಲೆ ತಾನಾಗಿ ಬರುವಷ್ಟು ಉಸಿರಿನಲ್ಲೇ ಹಾಡುವುದು. ಕಣ್ಣು ಮುಚ್ಚುವುದಿಲ್ಲ, ಮುಚ್ಚಿದರೆ ಕಣ ಕಾಣುತ್ತದೆ. ಡ್ರಮ್ಸ್ ಪಕ್ಕದ ಸಿಂಬಲ್, ಅಂದರೆ ಲೋಹದ ತಟ್ಟೆ, ಅದರ ಸ್ಟ್ಯಾಂಡಿನ ನಟ್ಟು ನೋಡುತ್ತಾ ಹಾಡುತ್ತೇನೆ.

ಇನ್ನೊಂದು ವಿಷಯ ಯಾರಿಗೂ ಹೇಳಿರಲಿಲ್ಲ. ಹಾಡಿನ ಹೆಸರು ಬಂದಾಗ ಎಲ್ಲರೂ ಎರಡೂ ಕೈ ಅಗಲಿಸುತ್ತಾರೆ. ನಾನು ಮೈಕನ್ನು ಸ್ಟ್ಯಾಂಡಿಗೆ ಹಾಕಿ ಎರಡೂ ಕೈ ಹಿಂದೆ ಕಟ್ಟಿಕೊಂಡೆ. ಹಾಗೆ ಕಟ್ಟಿಕೊಂಡಾಗ ತೋಳುಗಳಿಗೆ ಏನೋ ಆಗುತ್ತದೆ, ಮುಂದೆ ಬರಲು ಎಳೆಯುತ್ತವೆ. ಆ ಎಳೆತ ದನಿಗೆ ಬಂದುಬಿಡುತ್ತಿತ್ತು. ನಾನು ಬೇರೇನೂ ಮಾಡಬೇಕಾಗಿರಲಿಲ್ಲ.

ಪಾರ್ಟಿ ಮಾರ್ಚಿನಲ್ಲಿ. ಕಾಫಿ ಹೂ ಅರಳಿಸುವ ಹೂ ಮಳೆ ಬಿದ್ದು ವಾರ ಕಳೆದಿತ್ತು, ಹೋಂಸ್ಟೇ ಸುತ್ತ ಗಿಡಗಳೆಲ್ಲ ಬಿಳಿ, ಮಲ್ಲಿಗೆಯಂಥ ವಾಸನೆ. ಕೇಳಿದವರಲ್ಲಿ ಅರ್ಧ ಜನ ಸ್ಟಾರ್ಟರ್ಸ್ ಹಿಂದೆ ಇದ್ದರು. ಒಂದು ಮಗು ಬಂದು ಸಿಂಬಲ್ ಮುಟ್ಟಿ ಓಡಿಹೋಯಿತು. ಈ ಹಾಡೇ ಬೇಕು ಅಂದಿದ್ದ ಗಂಡ ಫೋನ್ ಹಿಡಿದು ವಿಡಿಯೋ ಮಾಡುವುದರಲ್ಲೇ ಮುಳುಗಿದ್ದ. ನಾನು ಮೊದಲ ಸಾಲು ನಿಧಾನವಾಗಿ ಹಾಡಿದೆ. ಒಂದು ಕಡೆ ಶ್ರುತಿ ಜಾರಿತು, ಗಿಟಾರಿನವನು ಹುಬ್ಬು ಏರಿಸಿದ. ನಟ್ಟು ನೋಡುವ ಸಾಲಿನಲ್ಲಿ ಮೂಲೆಯ ಕುರ್ಚಿಯಲ್ಲಿದ್ದ ಒಬ್ಬ ಹಿರಿಯರು, ಹುಡುಗಿಯ ಅಪ್ಪ ಇರಬೇಕು, ತಿನ್ನುತ್ತಿದ್ದ ತಟ್ಟೆಯನ್ನು ಕೆಳಗಿಟ್ಟರು. ಅವರಿಗೆ ಇಂಗ್ಲಿಷ್ ಬರುತ್ತಿತ್ತೋ ಇಲ್ಲವೋ.

ಫೋನಿನಲ್ಲಿ ಮಾಡಿದ ರೆಕಾರ್ಡಿಂಗನ್ನು ಊರಿಗೆ ತೆಗೆದುಕೊಂಡು ಹೋದೆ. ಅಪ್ಪ ಅಂಗಳದಲ್ಲಿ ಮೆಣಸು ಒಣಗಿಸುತ್ತಿದ್ದರು, ನಾಲ್ಕು ಬಳ್ಳಿಯದ್ದು, ಮನೆ ಖರ್ಚಿಗೆ. ನನಗೆ ನೆನಪಿರುವ ಅಪ್ಪ ಕಣದಲ್ಲಿ ಒಂದು ಹಿಡಿ ಒಣಗಿದ ಹಣ್ಣು ತೆಗೆದು ಕಿವಿ ಹತ್ತಿರ ಅಲ್ಲಾಡಿಸುವ ಅಪ್ಪ. ಒಳಗಿನ ಬೀಜ ಗಲಗಲ ಅಂದರೆ ಒಣಗಿದೆ, ಮೂಗನ ಹಾಗಿದ್ದರೆ ಇನ್ನೊಂದೆರಡು ಬಿಸಿಲು ಬೇಕು. ಹಾಡು ಹಾಕಿ ಫೋನ್ ಕೊಟ್ಟಾಗ ಅದೇ ಥರ ಮುಷ್ಟಿಯಲ್ಲಿ ಹಿಡಿದು ಕಿವಿಗೆ ಒತ್ತಿಕೊಂಡರು. ನಾಲ್ಕೂವರೆ ನಿಮಿಷ ಪೂರ್ತಿ ಕೇಳಿದರು.

"ಇದು ನೀನೇ ಏನು?"

"ಹೂಂ."

"ಏನಂತೆ ಅದರಲ್ಲಿ?"

"ಒಬ್ಬ ಅಪ್ಪ. ಮಗ ತನ್ನ ಥರ ಆಗದಿರಲಿ ಅಂತಾನೆ."

ಅಪ್ಪ ಫೋನನ್ನು ಪಂಚೆಯ ಅಂಚಿಗೆ ಒರೆಸಿ ವಾಪಸ್ ಕೊಟ್ಟರು. "ಸರಿಯಾಗೇ ಹೇಳಿದಾನೆ" ಅಂದರು. ಮೋಡ ಕಟ್ಟಿತ್ತು. "ಆ ಕಡೆ ಹಿಡ್ಕೋ" ಅಂದರು. ನಾನು ಟಾರ್ಪಾಲಿನ ಇನ್ನೊಂದು ಅಂಚು ಹಿಡಿದೆ.