ಇಲಿ ಗೂಡು, ಬಿಳಿ ಪುಡಿ, ಮೂರು ದಿನದ ಕೆಲಸ

ಕಲಬುರಗಿಯಲ್ಲಿ ತರಬೇತಿ ವಿಮಾನಗಳ ರಿಪೇರಿ ನನ್ನ ಕೆಲಸ. ಹೆಚ್ಚಾಗಿ ಸೆಸ್ನಾ 172. ಮೇ ತಿಂಗಳಲ್ಲಿ 42 ಡಿಗ್ರಿ ಬಿಸಿಲು ಬೀಳುವ ಊರು, ಸಮುದ್ರವಂತೂ ಎಲ್ಲೋ ದೂರ, ಇಲ್ಲೇನು ಜಂಗು ಹಿಡಿಯುತ್ತೆ ಅಂತ ಮೊದಮೊದಲು ನಾನೂ ಅಂದುಕೊಂಡಿದ್ದೆ.

ಒಂದು ಸಲ, 100 ಗಂಟೆ ಹಾರಿದ ಮೇಲೆ ಮಾಡುವ ತಪಾಸಣೆಗೆ ಬಾಲದ ಕಡೆಯ ಮುಚ್ಚಳ ಬಿಚ್ಚಿದೆ. ಗಬ್ಬು ವಾಸನೆ. ಟಾರ್ಚ್ ಬಿಟ್ಟರೆ ಒಳಗೆ ಇಲಿ ಗೂಡು: ಒಣಹುಲ್ಲು, ಸೀಟಿನ ಸ್ಪಂಜು, ತೊಗರಿ ಹೊಟ್ಟು. ಕೆಳಗಿನ ರಿವೆಟ್ (ತಗಡು ಜೋಡಿಸುವ ಮೊಳೆ) ಸಾಲಿನುದ್ದಕ್ಕೂ ಬಿಳಿ ಪುಡಿ. ಜೊತೆಗಿದ್ದ ಹುಡುಗ "ಸುಣ್ಣ ಏನ್ರಿ ಸರ?" ಅಂದ.

ಸುಣ್ಣ ಅಲ್ಲ, ಅದೇ ಜಂಗು. ಕಬ್ಬಿಣದ ಹಾಗೆ ಅಲ್ಯೂಮಿನಿಯಂ ಕೆಂಪಗಾಗಲ್ಲ, ಬಿಳಿ ಅಥವಾ ಬೂದು ಪುಡಿಯಾಗುತ್ತೆ. ಇಲಿ ಉಚ್ಚೆಯಲ್ಲಿರುವ ಉಪ್ಪು ಗಾಳಿಯ ತೇವ ಎಳೆದುಕೊಂಡು ಅಲ್ಲೇ ಕೂತು ಲೋಹ ತಿನ್ನುತ್ತೆ, ಹೊರಗೆ ಎಷ್ಟೇ ಬಿಸಿಲಿರಲಿ. ಹೊರಮೈಯಲ್ಲಾದರೆ ಬಣ್ಣ ಉಬ್ಬಿರುತ್ತೆ, ಯಾಕಂದ್ರೆ ಆ ಪುಡಿಗೆ ಮೂಲ ಲೋಹಕ್ಕಿಂತ ಜಾಸ್ತಿ ಜಾಗ ಬೇಕು. ಟಾರ್ಚನ್ನು ಓರೆಯಾಗಿ ಹಿಡಿದರೆ ಬಣ್ಣದಡಿ ಹುಳ ಹರಿದಂಥ ಗೆರೆಗಳೂ ಕಾಣುತ್ತವೆ. ರಿವೆಟ್ ಹಿಂದೆ ಕಪ್ಪು ಬಾಲದಂತೆ ಕಲೆ ಇದ್ದರೆ ಮಾತ್ರ ಕಥೆ ಬೇರೆ, ಹೆಚ್ಚಾಗಿ ಆ ರಿವೆಟ್ ಸಡಿಲಾಗಿ ಅಲುಗಾಡುತ್ತಿರುತ್ತೆ.

ಮಾಸ್ಕ್, ಗ್ಲೌಸ್ ಹಾಕಿಕೊಂಡು ಗೂಡು ತೆಗೆದು, ತೊಳೆದು, ಒಣಗಿಸಿ, ಬಣ್ಣ ಕಿತ್ತಿದ್ದಾಯಿತು. ಅಷ್ಟರಲ್ಲಿ ಹುಡುಗ ಕಬ್ಬಿಣದ ಬ್ರಷ್ ಹಿಡಿದು ನಿಂತಿದ್ದ. ಕಿತ್ತುಕೊಂಡೆ! ಕಬ್ಬಿಣದ ಕಣ ಅಲ್ಯೂಮಿನಿಯಂನಲ್ಲಿ ಸಿಕ್ಕಿಕೊಂಡರೆ, ಎರಡು ಲೋಹಗಳ ನಡುವೆ ತೇವ ಸೇರಿ ಹೊಸ ಜಂಗು ಅಲ್ಲಿಂದಲೇ ಶುರು. ಸ್ಟೀಲ್ ವುಲ್ ಕೂಡ ಬೇಡ. ಸ್ಕಾಚ್‌ಬ್ರೈಟ್, ಆಮೇಲೆ ಅಲ್ಯೂಮಿನಿಯಂ ಆಕ್ಸೈಡ್ ಸ್ಯಾಂಡ್‌ಪೇಪರ್, ಅದೂ ಮೆಲ್ಲಗೆ. ಈ ತಗಡಿನ ಮೇಲೆ ಶುದ್ಧ ಅಲ್ಯೂಮಿನಿಯಂನ ತೆಳು ಪದರ ಇರುತ್ತೆ, ಒಳಗಿನ ಗಟ್ಟಿ ಮಿಶ್ರಲೋಹವನ್ನು ಕಾಯುವುದೇ ಅದು. ಹುರುಪಿನಲ್ಲಿ ಉಜ್ಜಿದರೆ ಕಾವಲುಗಾರನನ್ನೇ ಓಡಿಸಿದಂತೆ. ಭೂತಗನ್ನಡಿಯಲ್ಲಿ ನೋಡುತ್ತಾ, ಕುಳಿಯಲ್ಲಿ ಒಂದು ಕಪ್ಪು ಚುಕ್ಕೆಯೂ ಉಳಿಯದವರೆಗೆ ಉಜ್ಜಿ, ಅಂಚನ್ನು ತಟ್ಟೆಯ ಹಾಗೆ ಇಳಿಜಾರು ಮಾಡಿದೆ. ಆಮೇಲೆ ಉಳಿದ ದಪ್ಪ ಅಳೆದೆ. ಎಷ್ಟು ಸವೆದರೆ ನಡೆಯುತ್ತೆ ಅಂತ ವಿಮಾನದ ಮ್ಯಾನ್ಯುಯಲ್ ಹೇಳುತ್ತೆ, ನಮ್ಮ ಅಂದಾಜು ನಡೆಯಲ್ಲ. ಒಂದು ಕಡೆ ಮಿತಿ ಮೀರಿತ್ತು, ಆ ಭಾಗ ಕತ್ತರಿಸಿ ಪ್ಯಾಚ್ ಹಾಕಬೇಕಾಯಿತು, ಮೂರು ದಿನ ಹೋಯಿತು.

ಆಮೇಲೆ ಆಲೋಡೈನ್, ಅಲ್ಯೂಮಿನಿಯಂಗೆ ಜಂಗು ಹಿಡಿಯದಂತೆ ಹಚ್ಚುವ ರಾಸಾಯನಿಕ. ಹಚ್ಚಿದರೆ ತಿಳಿ ಬಂಗಾರದ ಬಣ್ಣ ಬರುತ್ತೆ, ನೀರಲ್ಲಿ ತೊಳೆಯಬೇಕು. ಒರೆಸಿದ ಬಟ್ಟೆಯನ್ನು ಸುಮ್ನೆ ಬಿಸಾಡಬೇಡಿ, ಒಣಗಿದರೆ ಬೆಂಕಿ ಹೊತ್ತಿಕೊಳ್ಳಬಹುದು, ನಮ್ಮ ಬಿಸಿಲಲ್ಲಂತೂ ಕೇಳಲೇಬೇಡಿ. ನೀರಿನ ಬಕೆಟ್‌ಗೆ ಹಾಕಿ. ಮೇಲೆ ಎಪಾಕ್ಸಿ ಪ್ರೈಮರ್, ಬಣ್ಣ.

ಕೊನೆಗೆ ಒಳಗೆಲ್ಲ ಜಂಗು ತಡೆಯುವ ಎಸಿಎಫ್-50 ಎಣ್ಣೆ ಸಿಂಪಡಿಸಿದೆ. ಒಳ್ಳೆಯ ಎಣ್ಣೆಯೇ, ಆದರೆ ದಿನಗಟ್ಟಲೆ ಸಂದುಗಳಿಂದ ಜಿನುಗುತ್ತೆ. ಅದಕ್ಕೆ ಎರೆಮಣ್ಣಿನ ಧೂಳು ಮೆತ್ತಿ ವಿಮಾನದ ಹೊಟ್ಟೆ ಕಪ್ಪಾಯಿತು, ಮಾಲೀಕರಿಂದ ಬೈಸಿಕೊಂಡೆ. ಈಗ ಸಿಂಪಡಿಸಿದ ಮೇಲೆ ವಾರವಿಡೀ ದಿನಾ ಒರೆಸುತ್ತೇವೆ.

ಹೊಟ್ಟೆಯಡಿ ನೀರಿಳಿಯುವ ಸಣ್ಣ ತೂತುಗಳಿರುತ್ತವೆ. ಮಳೆ ಮುಗಿದ ಮೇಲೆ ಮಣ್ಣು ಕಟ್ಟಿಕೊಂಡಿರುತ್ತೆ, ಮರದ ಕಡ್ಡಿಯಿಂದ ತೆಗೆಯುತ್ತೇನೆ, ತಂತಿ ಹಾಕಲ್ಲ. ಬ್ಯಾಟರಿ ಆ್ಯಸಿಡ್ ಚೆಲ್ಲಿದ ಕಡೆ ಅಡುಗೆ ಸೋಡದ ನೀರು, ಆಮೇಲೆ ಸಾದಾ ನೀರು. ಚಳಿಗಾಲದಲ್ಲಿ ಇಬ್ಬನಿಗೆ ನೆಂದ ಹೊದಿಕೆಯನ್ನು ಬೆಳಿಗ್ಗೆಯೇ ತೆಗೆದು ಒಣಗಿಸಬೇಕು, ಹುಡುಗರು ಇದನ್ನೇ ಮರೆಯುತ್ತಾರೆ. ಇಲಿ ನುಗ್ಗದಂತೆ ರಾತ್ರಿ ಎಲ್ಲ ಸಂದುಗಳಿಗೂ ಕೆಂಪು ಪಟ್ಟಿ ಕಟ್ಟಿದ ಜಾಲರಿ ಮುಚ್ಚಳ. ಹಾರುವ ಮೊದಲು ಎಣಿಸಿ ತೆಗೆಯುತ್ತೇವೆ.

ಮುಂದಿನ 100 ಗಂಟೆಗೆ ಮತ್ತೆ ಬಿಚ್ಚಿ ನೋಡಿದೆ. ಪ್ರೈಮರ್ ಹಾಗೇ ಇತ್ತು, ಪುಡಿ ಇರಲಿಲ್ಲ. ತೊಗರಿ ಹೊಟ್ಟು ಈ ಸಲ ಪಕ್ಕದ ವಿಮಾನದ ರೆಕ್ಕೆಯಲ್ಲಿ ಸಿಕ್ಕಿತು.